ಗಾಳಿ ಬಲ್ಲ ಪಾಲಕ್ಕ

ಶೇಂಗಾ ತೂರುವಾಗ ಪಾಲಕ್ಕ ಮೊರವನ್ನು ತಲೆಯೆತ್ತರಕ್ಕೆ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಗಾಳಿ ಬೀಸುವ ಮೊದಲೇ ಮೊರ ಅಲ್ಲಾಡಿಸಿಬಿಡುತ್ತಿದ್ದರು. ಅಷ್ಟರಲ್ಲಿ ಗಾಳಿ ಬಂದು ಕಸ, ಜೊಳ್ಳನ್ನು ಮಾತ್ರ ಹೊತ್ತೊಯ್ಯುತ್ತಿತ್ತು. ಗಟ್ಟಿ ಕಾಯಿ ಅವರ ಕಾಲ ಬಳಿ ಬೀಳುತ್ತಿತ್ತು.

ಕೊಂಡ್ಲಹಳ್ಳಿಯ ಅವರ ಹೊಲದಲ್ಲಿ ಹವಾಮಾನ ಸಂಶೋಧನೆಯವರಾದ ನಾವು ಒಂದು ವರ್ಷದ ಮಟ್ಟಿಗೆ ಕಂಬ ನೆಟ್ಟಿದ್ದೆವು. ನೆಲದಿಂದ ಏಳುವ ಕಾವನ್ನೂ ಗಾಳಿಯ ಸುಳಿಗಳನ್ನೂ ಸದ್ದಿನಿಂದ ಅಳೆಯುವ ಯಂತ್ರ ಅದರ ತುದಿಯಲ್ಲಿತ್ತು. ಅದರ ಪುಟ್ಟ ತೋಳುಗಳು ಒಂದಕ್ಕೊಂದು ಸದ್ದು ಕಳಿಸುತ್ತವೆ, ಗಾಳಿಯ ಜೊತೆ ಹೋದರೆ ಸದ್ದು ಬೇಗ ಮುಟ್ಟುತ್ತದೆ, ಎದುರು ಹೋದರೆ ತಡ, ಕಾವು ಹೆಚ್ಚಿದರೆ ಇನ್ನೂ ಬೇಗ ಎಂದು ನಾನು ಗಂಭೀರವಾಗಿ ವಿವರಿಸಿದೆ.

“ಇಷ್ಟೇನಾ?” ಎಂದರು ಪಾಲಕ್ಕ. “ನಮ್ಮನೆಯೋರ್ನ ಊಟಕ್ಕೆ ಕೂಗೋವಾಗ ನಾನೂ ಗಾಳಿ ನೋಡೇ ಕೂಗ್ತೀನಿ. ಆದ್ರೂ ಒಂದೊಂದ್ಸಲ ಅವ್ರಿಗೆ ಕೇಳಲ್ಲ. ಅದು ಗಾಳಿ ತಪ್ಪಲ್ಲ ಬಿಡ್ರಿ.”

ಸುಗ್ಗಿ ಮುಗಿದ ಮೇಲೆ ಒಮ್ಮೆ ಬಂದು ನೋಡಿದರೆ ಅಳತೆಯೆಲ್ಲ ಅಡ್ಡಾದಿಡ್ಡಿ. ಗಾಳಿ ಹೊತ್ತುಗೊತ್ತಿಲ್ಲದೆ ನೆಲದೊಳಕ್ಕೇ ಇಳಿಯುತ್ತಿದೆ ಎಂದು ಯಂತ್ರ ಹೇಳುತ್ತಿತ್ತು. ಯಂತ್ರ ಕೆಟ್ಟಿದೆ, ಬಿಚ್ಚಿ ತನ್ನಿ, ಇಷ್ಟು ದಿನದ ಅಳತೆಯನ್ನು ನಂಬುವಂತಿಲ್ಲ ಎಂದರು ಫೋನಿನಲ್ಲಿ ನಮ್ಮ ಮೇಲಿನವರು. ಸಪ್ಪೆ ಮುಖ ಹಾಕಿಕೊಂಡು ಸ್ಪ್ಯಾನರ್ ತೆಗೆದೆ. ಪಾಲಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

“ಮಿಷನ್ ತಪ್ಪಿಲ್ಲ ಸಾರ್. ನಮ್ಮ ಎಮ್ಮೆ ಕಂಬಕ್ಕೆ ಮೈ ತಿಕ್ಕೈತೆ. ಸ್ವಲ್ಪ ವಾಲೈತೆ. ನೀವು ಬೇರೆ ಹೊಲಕ್ಕೆ ಹೋಗ್ತೀರೇನೋ ಅಂತ ಹೇಳಿರ್ಲಿಲ್ಲ.”

“ಯಾವತ್ತು ಪಾಲಕ್ಕ?”

“ಶೇಂಗಾ ಕಿತ್ತ ಮೂರನೇ ದಿನ. ಅವತ್ತೇ ಮಗಳು ಹೆರಿಗೆಗೆ ಅಂತ ಬಂದ್ಲು. ಮರೆಯಾಕಾಗ್ತೈತಾ?”

ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದೆ. ಕಂಬ ನಿಜಕ್ಕೂ ವಾಲಿತ್ತು. ಯಾವ ದಿನ ವಾಲಿತೆಂದು ಗೊತ್ತಾದರೆ ಸಾಕಿತ್ತು: ಅದಕ್ಕೆ ಹಿಂದಿನ ಅಳತೆ ಸರಿಯಾಗಿಯೇ ಇತ್ತು, ಆಮೇಲಿನದನ್ನು ಲೆಕ್ಕ ಹಾಕಿ ತಿದ್ದಬಹುದಿತ್ತು. ಒಂದು ದಿನವೂ ಹಾಳಾಗಲಿಲ್ಲ. ನಾನು ನಕ್ಕಿದ್ದನ್ನು ನೋಡಿ ಅವರ ಎದೆಭಾರ ಇಳಿಯಿತು.

“ಎಮ್ಮೆಗೆ ಬೈಬ್ಯಾಡ್ರಿ. ಕಂಬ ಇರೋದೇ ತಿಕ್ಕೋಕೆ ಅಂತ ತಿಳ್ಕಂಡೈತೆ,” ಎಂದು ತಾವೂ ನಕ್ಕರು. ಸಂಜೆಯೊಳಗೆ ಕಂಬದ ಸುತ್ತ ಜಾಲಿ ಮುಳ್ಳಿನ ಬೇಲಿ ಎದ್ದಿತ್ತು.

ವರ್ಷ ತುಂಬಿ ಕಂಬ ಕಿತ್ತ ಮೇಲೆ ಅವರನ್ನು ಕಂಡದ್ದು ಒಂದೇ ಸಲ, ಚಳ್ಳಕೆರೆ ಬಸ್ ನಿಲ್ದಾಣದಲ್ಲಿ. ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನ ಕಿಟಕಿ ಪಕ್ಕ ಕೂತಿದ್ದರು. ನಾನು ಹತ್ತಿರ ಹೋದದ್ದೇ ತಡ, ಸುತ್ತಲಿನವರಿಗೆಲ್ಲ ಹೇಳಿದರು: “ನಮ್ಮ ಹೊಲದ ಗಾಳಿ ಅಳೆದ ಸಾರ್ ಇವ್ರೇ.”

ಕಂಡಕ್ಟರ್ ಕೀಟಲೆಗೆ ಕೇಳಿದ: “ಎಕರೆಗೆ ಎಷ್ಟು ಮೂಟೆ ಬಂತಕ್ಕಾ ಗಾಳಿ?”

ಪಾಲಕ್ಕ ತಡವರಿಸಲಿಲ್ಲ. “ಬೀಜಕ್ಕೆ ಅಂತ ಸ್ವಲ್ಪ ಇಟ್ಕಂಡು, ಉಳಿದಿದ್ದೆಲ್ಲ ಸಾರ್‌ಗೇ ಕೊಟ್ಟೆ.”

ನಗುವ ಜನರನ್ನು ತುಂಬಿಕೊಂಡು ಬಸ್ಸು ಮೊಳಕಾಲ್ಮುರು ಕಡೆ ಹೊರಟಿತು.