ಮುಷ್ಟಿಯೊಳಗಿನ ಬೀಗದ ಕೈ

ಮೊನ್ನೆ ಅಂಗಡಿಯಿಂದ ತಂದ ಕೊಬ್ಬರಿ ಕಮಟು ಹಿಡಿದಿತ್ತು. ಎಸೆಯಲೆಂದು ಎತ್ತಿಕೊಂಡವಳು ಮೂಗಿನ ಹತ್ತಿರ ತಂದೆ. ಆ ವಾಸನೆಯ ಮನೆ ಅರಸೀಕೆರೆಯಲ್ಲಿತ್ತು. ಅಟ್ಟದ ತುಂಬ ತೆಂಗಿನಕಾಯಿ ಒಣಗಲು ಹಾಕಿದ್ದ ನಮ್ಮ ಪಕ್ಕದ ಮನೆ. ಯಜಮಾನರದು ಕೊಬ್ಬರಿ ವ್ಯಾಪಾರ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ.

ನೆನಪನ್ನು ನಾನು ನಂಬುವುದಿಲ್ಲ. ಅದು ಇಷ್ಟು ವರ್ಷ ಸುಮ್ಮನೆ ಕೂತಿರುವುದಿಲ್ಲ, ತನಗೆ ಬೇಕಾದಂತೆ ಮನೆ ಸಾರಿಸಿ ರಂಗೋಲಿ ಇಟ್ಟಿರುತ್ತದೆ. ಅದರಲ್ಲೂ ನಾನು ಹೇಳಹೊರಟಿರುವ ಮಧ್ಯಾಹ್ನ ನಾನು ಅಲ್ಲಿರಲೇ ಇಲ್ಲ...

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಹತ್ತಿರದ ಹಾರನಹಳ್ಳಿಯ ಶಾಲೆಯಲ್ಲಿ ಟೀಚರು, ಗಂಡನಿಗೆ ರೈಲ್ವೆಯಲ್ಲಿ ಪಾಳಿಯ ಕೆಲಸ. ಮಗಳಿಗೆ ನಾಲ್ಕು ತುಂಬುವ ಮೊದಲೇ ಮೂರ್ಛೆ ಶುರುವಾಗಿತ್ತು. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸೆಟೆದುಕೊಂಡು ಬೀಳುತ್ತಿತ್ತು. ಕಣ್ಣು ಮೇಲೆ, ತುಟಿ ನೀಲಿ, ಕೈಕಾಲು ಅದುರಾಟ. ದಿನಾ ಮಾತ್ರೆ ಕೊಟ್ಟರೂ ನಡುನಡುವೆ ಬರುತ್ತಿತ್ತು. ಹಾಸನದ ಡಾಕ್ಟರು ಮನೆಯಲ್ಲೇ ಇಟ್ಟುಕೊಳ್ಳಲು ಔಷಧಿ ಕೊಟ್ಟರು. ಗಾಜಿನ ಎರಡು ಪುಟ್ಟ ಆಂಪ್ಯೂಲು, ಒಂದು ಸಿರಿಂಜು. ಐದು ನಿಮಿಷವಾದರೂ ಅದುರಾಟ ನಿಲ್ಲದಿದ್ದರೆ ಆಂಪ್ಯೂಲಿನ ಕತ್ತು ಮುರಿದು, ಅವರು ಗುರುತು ಹಾಕಿಕೊಟ್ಟ ಗೆರೆಯವರೆಗೆ ಔಷಧಿ ಎಳೆದು, ಸೂಜಿ ತೆಗೆದುಹಾಕಿ, ಮಗುವಿನ ಗುದದ್ವಾರದೊಳಕ್ಕೆ ಬಿಡಬೇಕು. ಆಮೇಲೆ ಉಸಿರಾಟದ ಮೇಲೆ ಕಣ್ಣಿಟ್ಟು ಆಸ್ಪತ್ರೆಗೆ ಹೊರಡಬೇಕು.

ಇದನ್ನು ಕೇಳಿದ ಮೇಲೂ ಮಗುವನ್ನು ಹಗಲು ನೋಡಿಕೊಳ್ಳುತ್ತೇನೆ ಎಂದವರು ಅಕ್ಕ ಒಬ್ಬರೇ. "ನಮ್ಮಪ್ಪನ ಮನೇಲಿ ದನದ ಡಾಕ್ಟ್ರೂ ಹಿಂದ್ಗಡೆಯಿಂದ್ಲೇ ಔಷ್ದಿ ಬಿಡೋನು, ಅದ್ರಲ್ಲೇನು" ಎಂದು ನಕ್ಕರು. ನೀರು ತುಂಬಿಸಿ ಸಿರಿಂಜು ಎಳೆಯುವುದನ್ನು ಕಲಿತರು. ಮೂಗಿಗೆ ಈರುಳ್ಳಿ ಹಿಡಿಯುವುದನ್ನು ಬಿಟ್ಟರು, ಹಲ್ಲಿನ ನಡುವೆ ಚಮಚ ತುರುಕುವುದನ್ನೂ ಬಿಟ್ಟರು. ಕಬ್ಬಿಣ ಮಾತ್ರ ಬಿಡಲಿಲ್ಲ. ಮೂರ್ಛೆ ಬಂದವರ ಕೈಗೆ ಬೀಗದ ಕೈ ಕೊಟ್ಟರೆ ಇಳಿಯುತ್ತದೆ ಎನ್ನುವುದು ಅವರ ಇಡೀ ವಂಶದ ನಂಬಿಕೆ.

"ಅದರಿಂದ ಏನೂ ಆಗಲ್ಲ ಅಕ್ಕ."

"ಆಗದಿದ್ರೆ ಬುಡಿ. ಕಬ್ಬಿಣ ಹಿಡಿಸುದ್ರೆ ನಿಮ್ಮ ಔಷ್ದಿ ಏನು ಮುನಿಸ್ಕಳ್ತದಾ ಟೀಚರಮ್ಮ?"

ಮುನಿಸಿಕೊಳ್ಳುವುದಿಲ್ಲ ಎಂದೆ. ಹಾಗೆ ನಮ್ಮಲ್ಲಿ ರಾಜಿಯಾಯಿತು.

ಓಣಿಯ ಮಕ್ಕಳ ಕೈಗೆ ಸೂಜಿ ಸಿಗಬಾರದೆಂದು ಅಕ್ಕ ಔಷಧಿಯನ್ನು ಗೋಡೆಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗದ ಕೈ ಅವರ ಸೊಂಟದ ಗೊಂಚಲಿನಲ್ಲಿರುತ್ತಿತ್ತು.

ಆ ಮಧ್ಯಾಹ್ನ ಮಗು ಪಡಸಾಲೆಯಲ್ಲಿ ಬಿತ್ತು. ಅಕ್ಕ ಪಕ್ಕಕ್ಕೆ ಹೊರಳಿಸಿ ಮಲಗಿಸಿದರು. ಸೊಂಟದ ಗೊಂಚಲು ತೆಗೆದು ಮಗುವಿನ ಕೈಗಿಟ್ಟರು. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಮಾಡಿದ್ದು. ಮುಷ್ಟಿ ಮುಚ್ಚಿಕೊಂಡಿತು. ಗೋಡೆಯ ಗಡಿಯಾರ ನೋಡುತ್ತಾ ಕೂತರು. ಅದುರಾಟ ನಿಲ್ಲಲಿಲ್ಲ. ಔಷಧಿ ತೆಗೆಯಲು ಎದ್ದು ಬೀರುವಿನ ಮುಂದೆ ನಿಂತು ಸೊಂಟಕ್ಕೆ ಕೈ ಹಾಕಿದಾಗ...

ಮುಂದಿನದನ್ನು ಅಕ್ಕ ಹೇಳಿದಷ್ಟು ಸಲವೂ ಬೇರೆ ಬೇರೆಯಾಗಿ ಹೇಳಿದರು. ಒಮ್ಮೆ, ಓಡಿ ಬಂದು ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದೆ, ಮುರಿದೇ ಹೋಗುತ್ತವೆನ್ನಿಸಿ ಬಿಟ್ಟೆ ಎಂದರು. ಇನ್ನೊಮ್ಮೆ, ಮುಟ್ಟಲೇ ಇಲ್ಲ ಎಂದರು. ಬೀರು ಒಡೆದದ್ದು ಗುಂಡುಕಲ್ಲಿನಲ್ಲೋ ಕಾಯಿ ಕೆತ್ತುವ ಮಚ್ಚಿನಲ್ಲೋ, ಅದೂ ಸಲಸಲಕ್ಕೂ ಬದಲಾಗುತ್ತಿತ್ತು. ಸೀಳಿದ ಹಲಗೆಯನ್ನು ನಾನೇ ನೋಡಿದೆ. ಒಂದು ಆಂಪ್ಯೂಲು ಒಳಗೇ ಪುಡಿಯಾಗಿತ್ತು. ಗಾಜಿನ ಚೂರುಗಳ ನಡುವೆ ತಡಕಾಡಿ ಇನ್ನೊಂದನ್ನು ಹುಡುಕಿದ್ದರು. ಅದೂ ಒಡೆದಿದ್ದರೆ? ಈ ಪ್ರಶ್ನೆ ಈಗಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ನಾನು ಟೆಂಪೋ ಇಳಿದು ಬಂದಾಗ ಅಕ್ಕನ ಮನೆ ಬಾಗಿಲು ಹಾರು ಹೊಡೆದಿತ್ತು. ಒಳಗೆ ಸದ್ದಿಲ್ಲ. ಮಗು ಮಗ್ಗುಲಾಗಿ ಮಲಗಿತ್ತು, ಬೀಗದ ಕೈಗಳು ಸಡಿಲವಾದ ಅಂಗೈಯಲ್ಲಿ. ಅಕ್ಕ ಪಕ್ಕದಲ್ಲಿ ಕೂತಿದ್ದರು. ಬೆರಳುಗಳಿಂದ ರಕ್ತ ಇಳಿದು ಸೀರೆಗೆ ಹತ್ತಿತ್ತು. ಔಷಧಿ ಖಾಲಿಯಾದ ಸಿರಿಂಜನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದರು.

"ಉಸುರಾಡ್ತಾ ಐತಾ ನೋಡಿ ಟೀಚರಮ್ಮ. ನಂಗೆ ಗೊತ್ತಾಗ್ತಾ ಇಲ್ಲ."

ನನಗೂ ಗೊತ್ತಾಗಲಿಲ್ಲ. ಎದೆಗೆ ಕಿವಿ ಇಟ್ಟರೆ ನನ್ನದೇ ಎದೆಬಡಿತ ಕೇಳುತ್ತಿತ್ತು. ಕೊನೆಗೆ ಮೂಗಿನ ಕೆಳಗೆ ಬೆರಳು ಹಿಡಿದೆ. ಬಿಸಿಯಾದದ್ದು ಏನೋ ತಾಗಿತು, ಹೋಯಿತು, ತಡೆದು ಮತ್ತೆ ತಾಗಿತು. ಆಟೋದಲ್ಲಿ ಆಸ್ಪತ್ರೆ ತಲುಪುವವರೆಗೂ ಆ ಬೆರಳು ತೆಗೆಯಲಿಲ್ಲ.

ಮಗು ಚೇತರಿಸಿಕೊಂಡಿತು. ಸಂಜೆಗೆ ಕಾಫಿ ಬೇಕೆಂದು ಹಟ ಮಾಡಿತು. ಚೇತರಿಸಿಕೊಳ್ಳದವರು ಅಕ್ಕ.

ಅಂದಿನಿಂದ ಅವರು ಮಗುವನ್ನು ಮುಟ್ಟಲಿಲ್ಲ. ದಿನಾ ಬೆಳಗ್ಗೆ ನಮ್ಮ ಹೊಸಿಲಾಚೆ ನಿಂತು "ಎದ್ದೈತಾ?" ಎಂದು ಕೇಳುವರು. ಚೆನ್ನಾಗಿದೆ ಎಂದರೆ ಹೊರಟುಬಿಡುವರು. ಎತ್ತಿಕೋ ಎಂದು ಮಗು ಎರಡೂ ತೋಳು ಚಾಚಿದರೆ ತಮ್ಮ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುವರು. ನಿಮ್ಮಿಂದಲೇ ಅಲ್ಲವಾ ಅಕ್ಕ ಇವಳು ಉಳಿದದ್ದು, ಎಂದು ಎಷ್ಟೋ ಸಲ ಹೇಳಿದೆ. "ಬೀಗದ ಕೈ ಕೊಟ್ಟಿದ್ದೂ ಇದೇ ಕೈಯಲ್ವಾ" ಎಂದರು. ನಾನು ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿ ಕೂತೆ. ಮುಂದೆ ಬೇಲೂರಿಗೆ ವರ್ಗವಾಯಿತು. ಅಕ್ಕ ತೀರಿಕೊಂಡ ಸುದ್ದಿ ತಲುಪುವಾಗ ಅವರ ತಿಥಿಯೂ ಮುಗಿದಿತ್ತು.

ಮಗಳಿಗೆ ಹೈಸ್ಕೂಲಿನಲ್ಲಿರುವಾಗ ಮೂರ್ಛೆ ನಿಂತಿತು. ಮೊನ್ನೆ ಮನೆಗೆ ಬಂದಿದ್ದಳು. ಅರಸೀಕೆರೆಯ ಮಾತು ತೆಗೆದೆ. ಪಕ್ಕದ ಮನೆಯವರು ನೆನಪಿದ್ದಾರಾ ಎಂದು ಕೇಳಿದೆ.

"ಇದಾರೆ. ಬಾಗಿಲಲ್ಲಿ ನಿಂತ್ಕೊಳ್ತಿದ್ರು. ನನ್ನನ್ನ ಕಂಡ್ರೆ ಆಗ್ತಿರ್ಲಿಲ್ಲ ಅಲ್ವಾ ಅವ್ರಿಗೆ?"

ಎಲ್ಲವನ್ನೂ ಹೇಳಿದೆ. ಯಾರದೋ ಮನೆಯ ಕಥೆ ಕೇಳಿದಂತೆ ಕೇಳಿದಳು. ಕೊನೆಗೆ, "ಇರಬಹುದಮ್ಮ. ನಂಗೆ ಮಾತ್ರ ಅವ್ರು ಎತ್ಕೊಳ್ದೇ ಇದ್ದಿದ್ದೇ ನೆನಪು" ಎಂದಳು.

ಮೂರ್ಛೆಯಲ್ಲಿದ್ದ ಮಗುವಿಗೆ ತನ್ನನ್ನು ಉಳಿಸಿಕೊಂಡವರ ಮುಖ ಎಲ್ಲಿ ಕಂಡೀತು... ಕಣ್ಣು ಬಿಟ್ಟ ಮೇಲೆ ಕಂಡದ್ದು ದೂರ ನಿಂತ ಹೆಂಗಸು. ಹಾಗಲ್ಲ ಕಣೇ ಎಂದು ಅವಳನ್ನೊಮ್ಮೆ ಎಳೆದು ಅಪ್ಪಿಕೊಳ್ಳಲು ಅಕ್ಕ ಈಗಿಲ್ಲ.