ಕೈಮಾತಿಗೆ ಬಂದ ಬ್ರಾಡ್‌ಬ್ಯಾಂಡ್

ಪೂರಿಗಾಲಿಯ ದೀಪಿಕಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ರವಿಕೆ ಹೊಲಿಯುವುದರಲ್ಲಿ ಎತ್ತಿದ ಕೈ. ಹರಟೆಗೆ ಕೂತರೆ ಎರಡು ಕೈಯೂ ಸಾಲದು. ಕೆರಗೋಡಿಗೆ ಮದುವೆಯಾಗಿ ಹೋದ ಚಂದನ ಅವಳಿಗೆ ಸರಿಯಾದ ಜೋಡಿ. ಕಿವುಡ ಮಕ್ಕಳ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ಮಾತೆಲ್ಲ ಕೈಸನ್ನೆಯಲ್ಲೇ.

ಚಂದನಳ ಮನೆಗೆ ಬ್ರಾಡ್‌ಬ್ಯಾಂಡ್ ಬಂದು ವರ್ಷವಾಗಿತ್ತು. ದೀಪಿಕಳಿಗೆ ಮಾತ್ರ ಮೊಬೈಲ್ ನೆಟ್ಟೇ ಗತಿ. ವಿಡಿಯೊ ಕಾಲ್ ಮಾಡಿದರೆ ಗೆಳತಿಯ ಕೈ ಗಾಳಿಯಲ್ಲಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ಬೇರೆಯವರಾದರೆ ಚಿತ್ರ ನಿಂತರೂ ದನಿ ಕೇಳಿಕೊಂಡಾರು. ಇವರಿಗೆ ಚಿತ್ರವೇ ಮಾತು. ಬರೆದು ಕಳಿಸಬಹುದಿತ್ತು ನಿಜ. ಆದರೆ ಹರಟೆ ಬರೆದು ಮುಗಿಯುವಂಥದ್ದೇ?

ಒಮ್ಮೆ ಚಂದನ, ನಾದಿನಿಯ ರವಿಕೆಗೆ ಉದ್ದ ತೋಳು ಬೇಡವೆಂದಳು. ‘ಬೇಡ’ ಎನ್ನುವ ಹೊತ್ತಿಗೆ ಚಿತ್ರ ನಿಂತಿತು. ದೀಪಿಕ ಮಣಿಕಟ್ಟಿನವರೆಗೂ ತೋಳಿಟ್ಟು ಹೊಲಿದು ಕಳಿಸಿದಳು. ನಾದಿನಿ ಮುಖ ಊದಿಸಿಕೊಂಡಳು, ಚಂದನ ಸಿಟ್ಟಾದಳು. ಆ ಸಿಟ್ಟೂ ಪೂರ್ತಿ ತಲುಪಲಿಲ್ಲ.

ಅಷ್ಟರಲ್ಲಿ ಬೀದಿಗೆ ಫೈಬರ್ ಕೇಬಲ್ ಬಂತು. ಕೇಬಲ್ ಎಳೆಯಲು ಬಂದ ಜಯಪ್ರಕಾಶನನ್ನು ದೀಪಿಕಳ ತಾಯಿ ದೇವಿರಮ್ಮ ಕೇಳಿದರು: “ಬ್ರಾಡ್‌ಬ್ಯಾಂಡು ಅಂದ್ರೆ ಏನಪ್ಪ? ಮದ್ವೆ ಬ್ಯಾಂಡ್ ಸೆಟ್ಟಾ?”

ಜಯಪ್ರಕಾಶ ನಕ್ಕ. “ಅಲ್ಲ ಕಣವ್ವ, ಬ್ರಾಡ್ ಅಂದ್ರೆ ಅಗ್ಲ. ತೂಬು ಚಿಕ್ಕದಾದ್ರೆ ಗದ್ದೆಗೆ ನೀರು ತೊಟ್ಟಿಕ್ತದೆ. ಅಗ್ಲ ಇದ್ರೆ ನುಗ್ಗಿ ಬತ್ತದೆ. ಇದೂ ಅಂಗೇಯಾ. ಮಾತು, ಚಿತ್ರ ಎಲ್ಲಾ ಒಟ್ಟಿಗೇ ಬತ್ತವೆ, ಮಧ್ಯೆ ನಿಲ್ಲಾಕಿಲ್ಲ.”

“ಅಂಗಾದ್ರೆ ಬೇಗ ಆಕ್ಬುಡಪ್ಪ. ಅಲ್ಲಿ ಕೈ ನಿಂತೋದ್ರೆ ಇಲ್ಲಿ ನನ್ ಮ್ಯಾಲೆ ರೇಗ್ತಾಳೆ.”

ಕೆಲಸ ಮುಗಿದದ್ದೇ ತಡ, ದೀಪಿಕ ಫೋನನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿ ಚಂದನಳನ್ನು ಕರೆದಳು. ಕುಶಲ ಕೇಳಲಿಲ್ಲ, ನೇರ ತೋಳಿನ ಜಗಳವೇ. ಇತ್ತ ಕೈ ಬೀಸಿತು, ಅತ್ತಲೂ ಬೀಸಿತು. ಒಂದು ಬೆರಳೂ ಗಾಳಿಯಲ್ಲಿ ನಿಲ್ಲಲಿಲ್ಲ. ದೇವಿರಮ್ಮ ಗಾಬರಿಯಾಗಿ, “ಬುಡ್ರೇ ಸಾಕು!” ಎಂದು ತಾವೂ ಕೈ ಆಡಿಸಿದರು. ಚಂದನ ಕೆನ್ನೆ ಉಬ್ಬಿಸಿ ನಾದಿನಿಯ ಮುಖ ತೋರಿಸಿದ್ದೇ ದೀಪಿಕ ಹೊಟ್ಟೆ ಹಿಡಿದು ನಕ್ಕಳು. ಜಗಳ ಅಲ್ಲಿಗೇ ಕರಗಿತು. ತೋಳು ಕತ್ತರಿಸಿ ಕೊಡುವುದೆಂದೂ ತೀರ್ಮಾನವಾಯಿತು.

ಈಗ ದಿನವೂ ಸಂಜೆ ಕರೆ ಬರುತ್ತದೆ. ದೇವಿರಮ್ಮನೂ ನಡುವೆ ತಲೆ ತೂರಿಸಿ, ಇವತ್ತೇನು ಸಾರು ಎಂದು ಸನ್ನೆ ಮಾಡುತ್ತಾರೆ. ಚಂದನ ಪಾತ್ರೆಯ ಮುಚ್ಚಳ ತೆಗೆದು ಫೋನಿಗೇ ಹಿಡಿಯುತ್ತಾಳೆ.