ಬಾಗಿಲ ಮೇಲಿನ ಜಾಯಿಂಟು

ಆ ದಿನ ಬೆಳಿಗ್ಗೆ ಏಳೂವರೆಗೆ ನಾನು ಚಿತ್ರದುರ್ಗದ ಬಸ್‌ಸ್ಟ್ಯಾಂಡಿಗೆ ಹೋದಾಗ ಭಾವ ಎಂದಿನಂತೆ ಮೊದಲೇ ಬಂದು ನಿಂತಿದ್ದರು. ಭುಜದಲ್ಲಿ ಪಾನಾ ಚೀಲ, ಕೈಯಲ್ಲಿ ಅಕ್ಕ ಕಟ್ಟಿಕೊಟ್ಟ ಬುತ್ತಿ. ಅವರು ಅಕ್ಕನ ಗಂಡ, ಪೈಪ್ ಫಿಟ್ಟರ್. ನಾನು ಎಲೆಕ್ಟ್ರಿಷಿಯನ್. ಹಿರಿಯೂರಿನ ಹೊರಗೆ ಹೆದ್ದಾರಿ ಪಕ್ಕ ಕಟ್ಟುತ್ತಿದ್ದ ಒಂದು ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಎರಡು ತಿಂಗಳಿನಿಂದ ಇಬ್ಬರಿಗೂ ಕೆಲಸವಿತ್ತು. ಬೆಂಕಿ ಬಿದ್ದರೆ ಚಾವಣಿಯಿಂದ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಪೈಪು ಅವರದು, ಪ್ಯಾನಲ್ಲು ಕೇಬಲ್ಲು ನನ್ನದು.

ಬಸ್ಸಿನಲ್ಲಿ ಕೂತ ಮೇಲೆ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು, "ನಿಮ್ಮಕ್ಕ ನಿಂದೂ ಸೇರ್ಸಿ ಕಟ್ಟ್ಯಾಳೆ. ದಾರೀಲೆ ನಾನು ತಿಂದ್ರೆ ಕೇಳಬ್ಯಾಡ" ಎಂದರು. ಇದು ದಿನಾ ಹೇಳುವ ಮಾತು. ನಾನೂ ದಿನಾ ಹೇಳುವಂತೆ ಅಕ್ಕನಿಗೆ ಫೋನ್ ಮಾಡುತ್ತೇನೆ ಎಂದೆ.

ಅವತ್ತು ಎಲೆಕ್ಟ್ರಿಕಲ್ ರೂಮಿನ ಕೆಲಸ ಮುಗಿಯಬೇಕಿತ್ತು. ಕರೆಂಟಿನ ಕೋಣೆಯೊಳಗೆ ನೀರಿನ ಪೈಪು ಬರುವುದು ನನಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಮೊದಲ ದಿನವೇ ಅದನ್ನು ಭಾವನಿಗೆ ಹೇಳಿದ್ದೆ. ಅವರು ಒಂದು ಸ್ಪ್ರಿಂಕ್ಲರನ್ನು ನನ್ನ ಅಂಗೈ ಮೇಲಿಟ್ಟು ತೋರಿಸಿದರು. ಹಿತ್ತಾಳೆಯ ಪುಟ್ಟ ಮೂತಿ, ಅದರ ನಡುವೆ ಕೆಂಪು ದ್ರವ ತುಂಬಿದ ಗಾಜಿನ ಗುಳಿಗೆ. ಕೋಣೆ ಕಾದು ಆ ಗಾಜು ಒಡೆದರೆ ಮಾತ್ರ ನೀರು ಬರುತ್ತದೆ, ಅದೂ ಒಡೆದ ಒಂದರಿಂದ ಮಾತ್ರ. ಅಷ್ಟು ಕಾಯುವ ಹೊತ್ತಿಗೆ ಪ್ಯಾನಲ್ಲಿಗೆ ಬೆಂಕಿ ಹತ್ತಿಯೇ ಇರುತ್ತದೆ ಎಂದರು.

"ನಿನ್ನ ಪ್ಯಾನಲ್ ಉಳಿಸಾಕಲ್ಲ ಇದು. ಗೋಡೆ ಆಚೆ ಕೊಬ್ಬರಿ ಆರಿಸ್ತಾ ಇರ್ತಾರಲ್ಲ ಹೆಣ್ಮಕ್ಕಳು, ಅವರು ಉಳೀಲಿ ಅಂತ."

ಭಾವನಿಗೆ ಚಿಮುಕುವ ನೀರಿನ ಭಯವಿರಲಿಲ್ಲ, ತೊಟ್ಟಿಕ್ಕುವ ನೀರಿನ ಭಯವಿತ್ತು. ಬೆಂಕಿಯೇ ಇಲ್ಲದ ಯಾವುದೋ ದಿನ ಒಂದು ಸಡಿಲ ಜಾಯಿಂಟಿನಿಂದ ಒಂದೊಂದೇ ಹನಿ ಪ್ಯಾನಲ್ಲಿನ ಮೇಲೆ ಬೀಳುವುದು. ಎಂಜಿನಿಯರು ಹತ್ತಿರದ ದಾರಿ ಎಂದು ಪೈಪನ್ನು ನೇರ ಪ್ಯಾನಲ್ಲಿನ ಮೇಲೆ ಹಾಯಿಸಲು ಹೇಳಿದಾಗ ಭಾವ ಒಪ್ಪಲಿಲ್ಲ. ನಕಾಶೆಯಲ್ಲಿಯೂ ಹಾಗಿಲ್ಲ ಎಂದು ಬಿಡಿಸಿ ತೋರಿಸಿದರು. ಕೊನೆಗೆ ಗೋಡೆಗುಂಟ ಸುತ್ತು ಹಾಕಿ, ತಿರುವಿಗೊಂದರಂತೆ ಆರು ಎಲ್ಬೋ ಹೆಚ್ಚಿಗೆ ಕೂರಿಸಿ, ಪ್ಯಾನಲ್ಲಿನ ನೆತ್ತಿಯ ಮೇಲೆ ಒಂದು ಮೊಳೆಯೂ ಇಲ್ಲದಂತೆ ಪೈಪು ತಂದರು.

ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನವೂ ಅವರು ಹೀಗೆಯೇ. ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ ಅವರ ಕಿವಿ ಹಿತ್ತಿಲಿನ ನಲ್ಲಿಯ ಕಡೆಗಿತ್ತು. ಎದ್ದು ಹೋಗಿ, ಬಿಳಿ ಅಂಗಿಯ ತೋಳು ಮಡಚಿ, ನಲ್ಲಿ ಬಿಚ್ಚಿ ವಾಷರ್ ತಿರುಗಿಸಿ ಹಾಕಿ ಬಂದರು. ಹುಡುಗ ನಮ್ಮ ಹುಡುಗಿಗಿಂತ ನಲ್ಲಿಯನ್ನೇ ಹೆಚ್ಚು ನೋಡಿದ ಎಂದು ಅಪ್ಪ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರು.

ಜಾಯಿಂಟಿನ ವಿಷಯದಲ್ಲಿ ನಮ್ಮಿಬ್ಬರದೇ ಒಂದು ಪದ್ಧತಿಯಿತ್ತು. ಪೈಪಿನ ತುದಿಯ ತಿರುಪಿಗೆ ಸೆಣಬಿನ ಎಳೆ ಸುತ್ತಿ, ಬಿಳಿ ಪೇಂಟು ಬಳಿದು, ಬಿಗಿದ ಮೇಲೆ ಹೊರಗೆ ಉಕ್ಕಿದ ಪೇಂಟನ್ನು ಭಾವ ಬೆರಳಲ್ಲಿ ತೆಗೆದು ಜಾಯಿಂಟಿಗೆ ಅಡ್ಡಲಾಗಿ ಒಂದು ಗೆರೆ ಎಳೆಯುತ್ತಿದ್ದರು. ನಾನು ಬಿಗಿದಿದ್ದೇನೆ ಎಂದು ಅದರ ಅರ್ಥ. ಬೇರೆ ಕಡೆ ಅಷ್ಟೇ ಸಾಕಿತ್ತು. ಎಲೆಕ್ಟ್ರಿಕಲ್ ರೂಮಿನಲ್ಲಿ ಮಾತ್ರ ಎರಡು ಗೆರೆ. ನಾನು ಏಣಿ ಹತ್ತಿ, ಪಾನಾ ಹಾಕಿ ಜಗ್ಗಿ, ಜಗ್ಗದಿದ್ದರೆ ಪಕ್ಕದಲ್ಲಿ ನನ್ನ ಗೆರೆ ಎಳೆಯಬೇಕು. ಬಿಗಿದವರೇ ನೋಡಬಾರದು, ನೋಡಿದವರೇ ಬಿಗಿಯಬಾರದು. "ನೀರು ನಂದು, ರೂಮು ನಿಂದು. ನಿನ್ನ ರುಜು ಇಲ್ಲದೆ ನಾನು ನೀರು ಬಿಡಾಕಿಲ್ಲ" ಎನ್ನುತ್ತಿದ್ದರು. ನಾವು ಒಟ್ಟಿಗೆ ಕೆಲಸ ಮಾಡಿದ ಎಂಟು ವರ್ಷಗಳಲ್ಲಿ ಅವರು ಬಿಗಿದ ಒಂದು ಜಾಯಿಂಟೂ ನನ್ನ ಕೈಗೆ ಅಲುಗಿರಲಿಲ್ಲ. ಹಾಗಾಗಿ ನನ್ನ ಗೆರೆ ಬರಬರುತ್ತಾ ಬರೀ ಗೆರೆಯಾಗಿತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ಸಂಜೆ ಐದರ ಹೊತ್ತಿಗೆ ಒಂದೇ ಜಾಯಿಂಟು ಉಳಿದಿತ್ತು. ಪೈಪು ಗೋಡೆ ತೂರಿ ಒಳಗೆ ಬರುವಲ್ಲಿ, ಬಾಗಿಲ ಮೇಲೆ, ಎರಡು ಪೈಪುಗಳನ್ನು ದೊಡ್ಡ ನಟ್ಟಿನಿಂದ ಸೇರಿಸುವ ಒಂದು ಯೂನಿಯನ್. ಅದನ್ನು ಬಿಗಿಯಲು ಎರಡು ಪಾನಾ ಬೇಕು. ಎಡಗೈಯದು ಪೈಪನ್ನು ಗಟ್ಟಿಯಾಗಿ ಹಿಡಿದಿರಬೇಕು, ಬಲಗೈಯದು ನಟ್ಟನ್ನು ತಿರುಗಿಸಬೇಕು. ಭಾವ ಎರಡು ಸಲ ಕೈ ಬದಲಿಸಿದರು. ಆಮೇಲೆ ಏಣಿಯಿಂದ ಇಳಿದು ನನ್ನ ಕೇಬಲ್ ಡ್ರಮ್ಮಿನ ಮೇಲೆ ಕೂತರು. ಕೆಲಸದ ನಡುವೆ ಅವರು ಕೂತದ್ದನ್ನು ನಾನು ನೋಡಿರಲಿಲ್ಲ.

"ವಯಸ್ಸಾತು ಭಾವ" ಎಂದೆ.

"ನಿಮ್ಮಕ್ಕನ ಮುದ್ದೆ ಕಣೋ. ಕೈಯಾಗ ಇಳ್ದು ಕೈನೇ ಭಾರ ಆಗೈತೆ."

ನಾನು ನಕ್ಕೆ. ಅವರು ಮತ್ತೆ ಹತ್ತಿ, ಬಿಗಿದು, ಗೆರೆ ಎಳೆದು ಇಳಿದರು. ಇನ್ನು ನನ್ನ ಸರದಿ. ಆದರೆ ಏಣಿಯನ್ನು ಪಕ್ಕದ ಶೆಡ್ಡಿನವರು ಕೇಳಿಕೊಂಡು ಬಂದರು, ಐದೂವರೆಯ ಬಸ್ಸಿನ ಹೊತ್ತೂ ಆಗಿತ್ತು. ನಾಳೆ ನೋಡುತ್ತೇನೆ ಎಂದು ಕೈ ತೊಳೆಯಲು ಹೋದೆ.

ಬಸ್ಸಿನಲ್ಲಿ ಅವರು ಕಿಟಕಿಗೆ ಒರಗಿ ನಿದ್ದೆ ಮಾಡಿದರು. ಚಿತ್ರದುರ್ಗದಲ್ಲಿ ಇಳಿದ ಮೇಲೆ ಚೀಲವನ್ನು ಬಲ ಭುಜಕ್ಕೆ ಹಾಕಿಕೊಂಡು, "ಬಾಗ್ಲು ಮ್ಯಾಲಿಂದು ನಾಳೆ ಮರೀದಂಗೆ ನೋಡ್ಲೇ" ಎಂದು ಹೇಳಿ ಹೋದರು.

ಮರುದಿನ ಆರು ಗಂಟೆಗೆ ಅಕ್ಕ ಫೋನ್ ಮಾಡಿದಳು. ಬಚ್ಚಲಲ್ಲಿ ಹಂಡೆಗೆ ಉರಿ ಹಾಕುತ್ತಿದ್ದವರು ಅಲ್ಲೇ ಪಕ್ಕಕ್ಕೆ ಒರಗಿದ್ದರು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ, ಹೃದಯ ನಿಂತಿದೆ ಎಂದರು. ಮಧ್ಯಾಹ್ನ ಅವರ ಊರಾದ ಹೊಳಲ್ಕೆರೆಗೆ ಒಯ್ದು, ಅವರ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ಕೂರಿಸಿ ಹಣೆಗೆ ವಿಭೂತಿ ಹಚ್ಚುವಾಗ ನಾನು ಅವರ ಕೈ ಹಿಡಿದುಕೊಂಡಿದ್ದೆ. ಉಗುರಿನ ಸಂದಿಯಲ್ಲಿ ಬಿಳಿ ಪೇಂಟು ಹಾಗೇ ಇತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ನಾನು ಕೆಲಸಕ್ಕೆ ಹೋದೆ. ಭಾವನ ಜಾಗಕ್ಕೆ ಹೊಸದುರ್ಗದ ಒಬ್ಬ ಫಿಟ್ಟರ್ ಬಂದಿದ್ದರು. ನನಗಿಂತ ಹಿರಿಯರು, ಮಾತು ಕಡಿಮೆ. ಅವತ್ತು ಪೈಪುಗಳಿಗೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸಿ, ಎರಡು ಗಂಟೆ ಮೀಟರಿನ ಮುಳ್ಳು ಕದಲುತ್ತದೆಯೇ ಎಂದು ನೋಡುವುದಿತ್ತು. ರೂಮಿನಲ್ಲಿ ಒಂದು ಜಾಯಿಂಟು ನೋಡುವುದು ಬಾಕಿ ಇದೆ, ಅಲ್ಲಿಯವರೆಗೆ ನೀರು ಬಿಡಬೇಡಿ ಎಂದು ಅವರಿಗೆ ಹೇಳಿ ಏಣಿ ಹಾಕಿದೆ.

ಭಾವನ ಗೆರೆ ನಟ್ಟಿನಿಂದ ಪೈಪಿನವರೆಗೆ ನೇರವಾಗಿತ್ತು. ಪಕ್ಕದಲ್ಲಿ ನನ್ನದನ್ನು ಎಳೆದು ಇಳಿದುಬಿಡಬಹುದಿತ್ತು. ಆದರೆ ಮರೆಯದೆ ನೋಡು ಎಂದು ಹೇಳಿದ್ದರಲ್ಲ, ಎರಡೂ ಪಾನಾ ಹಾಕಿ ಜಗ್ಗಿದೆ. ನಟ್ಟು ತಿರುಗಿತು. ಇನ್ನೊಮ್ಮೆ ಜಗ್ಗಿದೆ, ಇನ್ನೂ ಬಂತು. ಸುಮಾರು ಕಾಲು ಸುತ್ತು ತಿರುಗಿದ ಮೇಲೆ ನಿಂತಿತು.

ಬಿಗಿಯದೆ ಗೆರೆ ಎಳೆಯುವ ಮನುಷ್ಯ ಅವರಲ್ಲ. ತಮ್ಮ ಪೂರ್ತಿ ಬಲ ಹಾಕಿಯೇ ಬಿಗಿದಿದ್ದರು. ಅವತ್ತು ಸಂಜೆ ಅವರ ಎಡಗೈಯಲ್ಲಿ ಇದ್ದ ಬಲ ಅಷ್ಟೇ. ಅದೇ ಸಂಜೆ ನಾನು ಏಣಿ ಹತ್ತಿದ್ದರೆ ಇದು ನನಗೆ ಗೊತ್ತಾಗುತ್ತಿತ್ತು. ಇದೇನು ಭಾವ ಎಂದು ಕೇಳುತ್ತಿದ್ದೆ. ಅವರು ಏನಾದರೂ ಹೇಳುತ್ತಿದ್ದರು. ಹಿರಿಯೂರಿನ ಆಸ್ಪತ್ರೆಗೆ ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷ.

ಕೆಳಗಿನಿಂದ ಹೊಸದುರ್ಗದವರು ಏನಾಯಿತು ಎಂದು ಕೇಳಿದರು. ಸ್ವಲ್ಪ ಸಡಿಲವಿತ್ತು, ಬಿಗಿದೆ ಎಂದೆ. ಯೂನಿಯನ್ ಅಂದ ಮೇಲೆ ಅದೆಲ್ಲ ಇದ್ದದ್ದೇ ಎಂದು ಅವರು ಸಮಾಧಾನ ಹೇಳಿದರು. ನಮ್ಮ ಗೆರೆಯ ಪದ್ಧತಿಯನ್ನು ಬೆಳಿಗ್ಗೆಯೇ ಅವರಿಗೆ ಹೇಳಿದ್ದೆ.

"ನೀವು ಬಿಗಿದ್ರಿ. ನಾನು ಜಗ್ಗಿ ನೋಡಿ ಗೆರೆ ಹಾಕ್ಲೇನ್ರಿ?"

ಬೇಡ ಎಂದೆ. ಆದರೂ ಅವರು ಏಣಿ ಹತ್ತಿ ಒಮ್ಮೆ ಜಗ್ಗಿ ನೋಡಿ, ಗಟ್ಟಿ ಐತೆ ಎಂದು ಇಳಿದರು. ಎರಡು ಗಂಟೆ ಇಬ್ಬರೂ ಡ್ರಮ್ಮಿನ ಮೇಲೆ ಕೂತು ಮುಳ್ಳನ್ನು ನೋಡಿದೆವು. ಅದು ಕದಲಲಿಲ್ಲ. ಬಾಗಿಲ ಕೆಳಗಿನ ನೆಲ ಒಣಗಿಯೇ ಇತ್ತು.

ಒಂದು ಭಾನುವಾರ ಅಕ್ಕನನ್ನು ಚಂದ್ರವಳ್ಳಿಯ ಕಡೆ ನಡೆಸಿಕೊಂಡು ಹೋಗಿದ್ದೆ. ಮನೆಯೊಳಗೇ ಇರುತ್ತಾಳೆ ಎಂದು ಅಮ್ಮ ಹೇಳಿದ್ದಳು. ಕೆರೆಯ ಹತ್ತಿರ ಕೂತಾಗ ಅವಳೇ ಮಾತು ತೆಗೆದಳು.

"ನಾಲ್ಕು ದಿನದಿಂದ ಎಡಗೈ ಸೆಳೀತೈತೆ ಅಂತ ಮುಲಾಮು ಹಚ್ಚಿಸ್ಕಂತಿದ್ರು. ನಿಂಗೆ ಏನಾರ ಹೇಳಿದ್ರೇನಪ್ಪ?"

ಇಲ್ಲ ಎಂದೆ. ಅದು ಸುಳ್ಳಲ್ಲ, ಅವರು ನನಗೆ ಹೇಳಿರಲಿಲ್ಲ. ಯೂನಿಯನ್ನಿನ ಮಾತು ನಾಲಿಗೆಯವರೆಗೆ ಬಂತು. ಅವಳು ನಾಲ್ಕು ದಿನ ಮುಲಾಮು ಹಚ್ಚಿದ್ದನ್ನು ಹೊತ್ತುಕೊಂಡಿದ್ದಳು. ನನ್ನದನ್ನು ಹೇಳಿದರೆ ಅವಳದು ಹಗುರಾಗುತ್ತದೋ ಇನ್ನಷ್ಟು ಭಾರವಾಗುತ್ತದೋ ನನಗೆ ತಿಳಿಯಲಿಲ್ಲ. ಅವಳೇ ಎದ್ದು, ಮನೆಗೆ ಹೋಗಾಣ ನಡಿ ಎಂದಳು.

ಕಾರ್ಖಾನೆ ಈಗ ನಡೆಯುತ್ತಿದೆ. ತಿಂಗಳಿಗೊಮ್ಮೆ ಪ್ಯಾನಲ್ ನೋಡಲು ನನ್ನನ್ನು ಕರೆಯುತ್ತಾರೆ. ಗೋಡೆಯ ಆಚೆ ಹೆಂಗಸರು ಕೊಬ್ಬರಿ ಆರಿಸುತ್ತಾ ಮಾತಾಡಿಕೊಳ್ಳುವುದು ರೂಮಿನೊಳಗೂ ಕೇಳುತ್ತದೆ. ಕೆಲಸ ಮುಗಿದ ಮೇಲೆ ತಲೆ ಎತ್ತಿ ಗೋಡೆಗುಂಟ ಒಂದೊಂದೇ ಜಾಯಿಂಟು ನೋಡುತ್ತಾ ಬರುತ್ತೇನೆ. ಬೇರೆಲ್ಲದರ ಮೇಲೂ ಅವರದೊಂದು, ನನ್ನದೊಂದು ಗೆರೆಯಿದೆ. ಬಾಗಿಲ ಮೇಲಿನದರಲ್ಲಿ ಅವರ ಗೆರೆ ಎರಡು ತುಂಡಾಗಿದೆ. ನಟ್ಟಿನ ಮೇಲಿನ ತುಂಡು ನಾನು ತಿರುಗಿಸಿದಷ್ಟು ದೂರ ಸರಿದು ನಿಂತಿದೆ. ಪಕ್ಕದಲ್ಲಿ ನನ್ನ ಗೆರೆ ಇಲ್ಲ.